ಬೈಕ್ ಕೋ-ಆಪಲ್ಲಿ ಸಿಗೋ ಹಳೇ ಸೈಕಲ್ಲುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕಾಗೆ ಓದೋಕೆ ಬಂದ ಹುಡುಗ್ರು, ಹೊಸದಾಗಿ ಕೆಲಸಕ್ಕೆ ಸೇರಿ ಇನ್ನೂ ಕಾರ್ ತಗೊಳ್ದೆ ಇರೋರು, ಮಕ್ಕಳ ಮನೇಲಿ ಆರು ತಿಂಗಳು ಇದ್ದು ಹೋಗೋಣ ಅಂತ ಬಂದಿರೋ ಅಪ್ಪ ಅಮ್ಮಂದಿರು, ಎಲ್ಲರೂ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು, ಅದಕ್ಕೆ ಒಂದೇ ಕಡೆ ಬರೆದಿಟ್ಟಿದೀನಿ. ನಾನು ಮಿಡ್‌ವೆಸ್ಟ್ ಕಡೆ ಒಂದು ಕೋ-ಆಪಲ್ಲಿ ವಾಲಂಟಿಯರ್, ಹಂಗಾಗಿ ನನ್ನ ಕಣ್ಣಿಗೆ ಬೀಳೋದ್ರಲ್ಲಿ ಶ್ವಿನ್ ಅನ್ನೋ ಚಿಕಾಗೋ ಕಂಪನಿಯ ಸೈಕಲ್ಲು ಸ್ವಲ್ಪ ಜಾಸ್ತಿ. ಉಳಿದಿದ್ದೆಲ್ಲಾ ಎಲ್ಲಾ ಊರಲ್ಲೂ ಒಂದೇ.

ಬೈಕ್ ಕೋ-ಆಪ್ ಅಂದ್ರೆ ಸೆಕೆಂಡ್ ಹ್ಯಾಂಡ್ ಸೈಕಲ್ ಅಂಗಡೀನಾ?

ನೋಡೋಕೆ ಹಂಗೇ ಇರುತ್ತೆ, ಆದ್ರೆ ಅಲ್ಲ. ಜನ ಗ್ಯಾರೇಜ್ ಖಾಲಿ ಮಾಡುವಾಗ ದಾನ ಕೊಟ್ಟ ಸೈಕಲ್ಲುಗಳು ಒಂದು ಮೂಲೇಲಿ ರಾಶಿ ಬಿದ್ದಿರ್ತವೆ, ಗೋಡೆ ತುಂಬಾ ಟೂಲ್ಸ್, ಡಬ್ಬಗಳಲ್ಲಿ ಹಳೇ ಪಾರ್ಟ್ಸು, ಮಧ್ಯದಲ್ಲಿ ಸೈಕಲ್ ನೇತುಹಾಕೋ ರಿಪೇರಿ ಸ್ಟ್ಯಾಂಡುಗಳು. ರಿಪೇರಿ ನೀವೇ ಮಾಡ್ಕೋಬೇಕು. ವಾಲಂಟಿಯರ್ ಪಕ್ಕದಲ್ಲಿ ನಿಂತು ಹೇಳಿಕೊಡ್ತಾರೆ, ಆದ್ರೆ ನಿಮ್ಮ ಕೈಯಿಂದ ಸ್ಪ್ಯಾನರ್ ಕಿತ್ಕೊಂಡು ತಾವೇ ಮಾಡಿಕೊಡಲ್ಲ, ನಮ್ಮೋರಿಗೆ ಮೊದಲನೇ ಸಲ ಬೇಜಾರಾಗೋದು ಇಲ್ಲೇ, ಊರಲ್ಲಿ ಸೈಕಲ್ ಶಾಪಿಗೆ ಬಿಟ್ಟು "ಸಂಜೆ ಬರ್ತೀನಿ, ಓವರಾಯಿಲ್ ಮಾಡಿಡಪ್ಪ" ಅಂದು ಅಭ್ಯಾಸ ಅಲ್ವಾ.

ಇವುಗಳಲ್ಲಿ ಹಳೇದು ಅನ್ನೋದ್ರಲ್ಲಿ ಒಂದು ಬಾಸ್ಟನ್ನಿನ ಬೈಕ್ಸ್ ನಾಟ್ ಬಾಂಬ್ಸ್, 1984ರಲ್ಲಿ ಶುರುವಾಗಿದ್ದು, ನಿಕರಾಗುವಾ ದೇಶಕ್ಕೆ ಸೈಕಲ್ ಕಳಿಸೋಕೆ ಅಂತ. ಆಸ್ಟಿನ್ನಿನ ಯೆಲ್ಲೋ ಬೈಕ್ ಪ್ರಾಜೆಕ್ಟ್ 1997ರದ್ದು, ಚಿಕಾಗೋದ ವರ್ಕಿಂಗ್ ಬೈಕ್ಸ್ 1999ರದ್ದು, ಸ್ಯಾನ್ ಫ್ರಾನ್ಸಿಸ್ಕೋದ ಬೈಕ್ ಕಿಚನ್ 2003ರದ್ದು. ಒಂದೊಂದು ಕಡೆ ಒಂದೊಂದು ರೂಲ್ಸು, ಕೆಲವು ಕಡೆ ಮೆಂಬರ್‌ಶಿಪ್, ಕೆಲವು ಕಡೆ ಗಂಟೆ ಲೆಕ್ಕದಲ್ಲಿ ಸ್ಟ್ಯಾಂಡ್ ಬಾಡಿಗೆ, ಕೆಲವು ಕಡೆ ಡಬ್ಬಿಗೆ ಕೈಲಾದಷ್ಟು ಹಾಕಿದ್ರೆ ಆಯ್ತು.

ದುಡ್ಡು ಇಲ್ದೆ ಸೈಕಲ್ ಸಿಗುತ್ತೆ ಅಂತಾರಲ್ಲ, ನಿಜಾನಾ?

ಬಹಳ ಕಡೆ ನಿಜ. ಇಷ್ಟು ಗಂಟೆ ಅಂತ ಕೆಲಸ ಮಾಡಿದ್ರೆ, ಅಂದ್ರೆ ಹಳೇ ಸೈಕಲ್ ಬಿಚ್ಚೋದು, ನಟ್ಟು ಬೋಲ್ಟು ವಿಂಗಡಿಸೋದು, ಟ್ಯೂಬ್ ನೀರಲ್ಲಿ ಅದ್ದಿ ಪಂಚರ್ ನೋಡೋದು, ಆ ಗಂಟೆಗಳು ನಿಮ್ಮ ಲೆಕ್ಕಕ್ಕೆ ಜಮಾ ಆಗಿ ಅದ್ರಲ್ಲಿ ಒಂದು ಸೈಕಲ್ ತಗೋಬಹುದು. ಮಕ್ಕಳಿಗೆ ಬೇರೆ ಪ್ರೋಗ್ರಾಮೇ ಇರುತ್ತೆ, ಕೆಲವು ವಾರ ಕ್ಲಾಸಿಗೆ ಬಂದು ಒಂದು ಸೈಕಲ್ ತಾವೇ ಜೋಡಿಸಿ ಮನೆಗೆ ಓಡಿಸ್ಕೊಂಡು ಹೋಗ್ತಾರೆ. ಸ್ಟೂಡೆಂಟ್ ವೀಸಾದಲ್ಲಿ ಇರೋರು ಒಂದು ಗಮನಿಸಿ, ಕೆಲಸ ಮಾಡಿ ಅದಕ್ಕೆ ಬದಲಾಗಿ ವಸ್ತು ತಗೊಳ್ಳೋದು ನಿಮ್ಮ ವೀಸಾಗೆ ಆಗುತ್ತೋ ಇಲ್ವೋ ಅಂತ ಯೂನಿವರ್ಸಿಟಿಯ ಇಂಟರ್‌ನ್ಯಾಷನಲ್ ಆಫೀಸಲ್ಲಿ ಒಂದು ಮಾತು ಕೇಳಿಬಿಡಿ. ಇಲ್ಲಾಂದ್ರೆ ಸುಮ್ನೆ ದುಡ್ಡು ಕೊಟ್ಟು ತಗೊಳ್ಳಿ, ಏನೂ ಸಾವಿರಾರು ಡಾಲರ್ ಆಗಲ್ಲ.

ಯಾವ ಕೋ-ಆಪಿಗೆ ಹೋದ್ರೂ ಎಪ್ಪತ್ತರ ದಶಕದ ಬಾಗಿದ ಹ್ಯಾಂಡಲ್ ಸೈಕಲ್ಲೇ ಯಾಕೆ?

ಯಾಕಂದ್ರೆ ಆಗ ಈ ದೇಶಕ್ಕೇ ಸೈಕಲ್ ಹುಚ್ಚು ಹಿಡಿದಿತ್ತು. 1970ರ ಸುಮಾರಿಗೆ ಶುರುವಾಗಿ 1973ರಲ್ಲಿ ಒಂದೇ ವರ್ಷಕ್ಕೆ ಒಂದೂವರೆ ಕೋಟಿ ಸೈಕಲ್ ಮಾರಾಟ ಆದವು, ಅದ್ರಲ್ಲಿ ಬಹಳಷ್ಟು ಮಕ್ಕಳಿಗಲ್ಲ, ದೊಡ್ಡೋರು ತಮಗೇ ಅಂತ ತಗೊಂಡಿದ್ದು. ಅದೇ ವರ್ಷದ ಕೊನೇಲಿ ಪೆಟ್ರೋಲ್ ಬಿಕ್ಕಟ್ಟು ಬೇರೆ ಬಂತು. ಎಲ್ಲರಿಗೂ ಬೇಕಾಗಿದ್ದು ಟೆನ್ ಸ್ಪೀಡ್, ಮುಂದೆ ಎರಡು ಹಿಂದೆ ಐದು ಗೇರು. ಶ್ವಿನ್ ಒಂದೇ ಕಂಪನಿ ಕೈಲಿ ಅಷ್ಟು ಮಾಡೋಕಾಗದೆ ಫ್ರಾನ್ಸ್, ಇಂಗ್ಲೆಂಡ್, ಜಪಾನ್ ಎಲ್ಲಾ ಕಡೆಯಿಂದ ಹಡಗು ತುಂಬಿ ಬಂದವು. 1975 ಅಷ್ಟೊತ್ತಿಗೆ ಹುಚ್ಚು ಇಳೀತು, ಸೈಕಲ್ಲುಗಳು ಗ್ಯಾರೇಜ್ ಗೋಡೆಗೆ ಹತ್ತಿದವು, ಅಲ್ಲೇ ಧೂಳು ತಿಂತಾ ಕೂತವು. ಈಗ ಆ ತಲೆಮಾರು ದೊಡ್ಡ ಮನೆ ಮಾರಿ ಚಿಕ್ಕ ಮನೆಗೆ ಹೋಗ್ತಾ ಇದೆ, ಮಕ್ಕಳು ಬಂದು ಎಲ್ಲಾ ಎತ್ತಿ ಕೋ-ಆಪ್ ಬಾಗಿಲಿಗೆ ತಂದು ಇಳಿಸ್ತಾರೆ. ಎಷ್ಟೋ ಸೈಕಲ್ಲುಗಳಲ್ಲಿ ಫ್ಯಾಕ್ಟರಿಯಿಂದ ಬಂದ ಟೈರೇ ಇನ್ನೂ ಇರುತ್ತೆ, ರಬ್ಬರ್ ಮುಟ್ಟಿದ್ರೆ ಪುಡಿ ಪುಡಿ.

ರಾಶೀಲಿ ಮೊದಲು ಏನು ನೋಡ್ಬೇಕು? ಬ್ರ್ಯಾಂಡಾ?

ಬ್ರ್ಯಾಂಡ್ ಕೊನೇಗೆ ನೋಡಿ, ದಯವಿಟ್ಟು. ಒಳ್ಳೇ ಹೆಸರಿನ ಕೆಟ್ಟ ಸೈಕಲ್ಲೂ ಇದೆ, ಯಾರೂ ಕೇಳದ ಹೆಸರಿನ ಒಳ್ಳೇ ಸೈಕಲ್ಲೂ ಇದೆ.

ಮೊದಲು ಫ್ರೇಮು. ಹ್ಯಾಂಡಲ್ ಕೆಳಗಿನ ಗಿಡ್ಡ ಪೈಪಿಂದ ಪೆಡಲ್ ಕಡೆಗೆ ಓರೆಯಾಗಿ ಇಳಿಯೋ ಪೈಪ್ ಇದೆಯಲ್ಲ, ಅದು ಮೇಲೆ ಸೇರೋ ಜಾಗದಿಂದ ಒಂದೆರಡು ಇಂಚು ಹಿಂದೆ, ಅಡಿಭಾಗದಲ್ಲಿ ಬೆರಳು ಆಡಿಸಿ. ಅಲ್ಲಿ ಸಣ್ಣ ಉಬ್ಬು ಸಿಕ್ಕಿದ್ರೆ, ಇಲ್ಲಾ ಪೇಂಟ್ ಸುಕ್ಕು ಬಿದ್ದಿದ್ರೆ ಆ ಸೈಕಲ್ ಎಲ್ಲೋ ಮುಂದಿನಿಂದ ಜೋರಾಗಿ ಗುದ್ದಿದೆ ಅಂತ ಅರ್ಥ, ಕಣ್ಣಿಗೆ ಕಾಣದೇ ಇದ್ರೂ ಬೆರಳಿಗೆ ಗೊತ್ತಾಗುತ್ತೆ. ಮುಂದಿನ ಚಕ್ರ ಹಿಡಿಯೋ ಫೋರ್ಕನ್ನ ಪಕ್ಕದಿಂದ ನೋಡಿ, ಹಿಂದಕ್ಕೆ ಒತ್ತಿದ ಹಾಗಿದ್ರೆ ಅದೂ ಅದೇ ಕಥೆ, ಬಿಟ್ಬಿಡಿ.

ಆಮೇಲೆ ಸೀಟಿನ ಕೆಳಗಿನ ಪೈಪ್ ಅಂದ್ರೆ ಸೀಟ್‌ಪೋಸ್ಟು, ಮತ್ತೆ ಹ್ಯಾಂಡಲ್ ಕೂರೋ ಸ್ಟೆಮ್ಮು, ಎರಡೂ ಬೋಲ್ಟ್ ಸಡಿಲ ಮಾಡಿದ್ರೆ ಅಲ್ಲಾಡ್ತಾವಾ ನೋಡಿ. ತುಕ್ಕು ಹಿಡಿದು ಕಚ್ಕೊಂಡಿದ್ರೆ ಎತ್ತರ ನಿಮಗೆ ಸರಿ ಮಾಡ್ಕೊಳೋಕಾಗಲ್ಲ. ಮೂರನೇದು ರಿಮ್ಮು, ಅಯಸ್ಕಾಂತ ಹಿಡೀರಿ, ಅಂಟಿಕೊಂಡ್ರೆ ಸ್ಟೀಲು, ಅಂಟಿಕೊಳ್ಳದಿದ್ರೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಬೇಕು ನಿಮಗೆ, ಯಾಕೆ ಅಂತ ಮುಂದೆ ಬರುತ್ತೆ. ಚೈನು, ಕೇಬಲ್, ಬ್ರೇಕ್ ರಬ್ಬರ್, ಟೈರು, ಇವೆಲ್ಲಾ ಹೋಗಿದ್ರೂ ತಲೆ ಕೆಡಿಸ್ಕೋಬೇಡಿ, ಹೆಂಗಿದ್ರೂ ಹೊಸದು ಹಾಕಬೇಕಾಗಿದ್ದೇ.

ಶ್ವಿನ್ ವಾರ್ಸಿಟಿ ಒಂದಿದೆ, ಥಳಥಳ ಅಂತಿದೆ, ತಗೊಳ್ಲಾ ಅಣ್ಣಾ?

ಮನೆ ಮೂರನೇ ಮಹಡೀಲಿದ್ದು ಲಿಫ್ಟ್ ಇಲ್ಲಾಂದ್ರೆ ಬೇಡ. ವಾರ್ಸಿಟಿ ಹತ್ರ ಹತ್ರ 17 ಕೆಜಿ, ಊರಿನ ಖಾಲಿ ಗ್ಯಾಸ್ ಸಿಲಿಂಡರ್‌ಗಿಂತ ಭಾರ. ನೋಡೋಕೆ ರೇಸ್ ಸೈಕಲ್ಲು, ತೂಕ ಮಾತ್ರ ನಮ್ಮ ಹಾಲಿನ ಸೈಕಲ್ಲಿಂದು. ಚಿಕಾಗೋದಲ್ಲಿ ಇಗ್ನಾಜ್ ಶ್ವಿನ್ ಮತ್ತೆ ಅಡಾಲ್ಫ್ ಆರ್ನಾಲ್ಡ್ 1895ರಲ್ಲಿ ಶುರು ಮಾಡಿದ ಕಂಪನಿ ಇದು, 1960ರಲ್ಲಿ ವಾರ್ಸಿಟಿಗೆ ಗೇರ್ ಹಾಕಿ ಬಿಟ್ಟರು, ಅಮೆರಿಕಾದ ಹುಡುಗ್ರಿಗೆಲ್ಲಾ ಗೇರ್ ಸೈಕಲ್ ರುಚಿ ಹತ್ತಿಸಿದ್ದು ಇದೇ. ಹುಡುಗ್ರು ಎತ್ತಿ ಬಿಸಾಡಿದ್ರೂ ಮುರೀಬಾರದು ಅಂತ ಕಟ್ಟಿದ್ದು, ಮುರಿಯೋದೂ ಇಲ್ಲ.

ಒಳ್ಳೇದು ಏನಂದ್ರೆ ಎರಡೂ ಪೆಡಲ್ ಕಡ್ಡಿ ಮತ್ತೆ ಮಧ್ಯದ ಆಕ್ಸಲ್ ಎಲ್ಲಾ ಒಂದೇ ಕಬ್ಬಿಣದ ತುಂಡು, ಎಡಗಡೆಯಿಂದ ಬಿಚ್ಚಿ ಬಾಲ್ಸಿಗೆ ಗ್ರೀಸ್ ಹಾಕಿ ವಾಪಸ್ ಹಾಕೋದು ಅರ್ಧ ಗಂಟೆ ಕೆಲಸ, ವಿಶೇಷ ಟೂಲ್ ಏನೂ ಬೇಡ. ಹೊಸದಾಗಿ ಕಲಿಯೋರಿಗೆ ಕೈ ಪಳಗಿಸೋಕೆ ಇದಕ್ಕಿಂತ ಒಳ್ಳೇ ಸೈಕಲ್ ಇಲ್ಲ. ನೆಲ ಸಪಾಟಾಗಿರೋ ಊರಲ್ಲಿ ತರಕಾರಿ ತರೋಕೆ, ಲೈಬ್ರರಿಗೆ ಹೋಗೋಕೆ ಧಾರಾಳ ಸಾಕು. ಶ್ವಿನ್ ಹೆಸರೇ ಬೇಕು ಹಗುರವೂ ಆಗಿರಬೇಕು ಅಂದ್ರೆ ಲೆ ಟೂರ್ ಹುಡುಕಿ, ಅದರಲ್ಲಿ ಮೊದಮೊದಲಿನವು ಜಪಾನಲ್ಲಿ ಪ್ಯಾನಾಸಾನಿಕ್ ಮಾಡಿಕೊಟ್ಟಿದ್ದು.

ಸೈಕಲ್ ಯಾವ ವರ್ಷದ್ದು ಅಂತ ಹೆಂಗೆ ಗೊತ್ತಾಗುತ್ತೆ?

ಚಿಕಾಗೋ ಶ್ವಿನ್‌ಗಳಲ್ಲಿ ಸೀರಿಯಲ್ ನಂಬರಿನ ಮೊದಲ ಅಕ್ಷರ ತಿಂಗಳು, ಎರಡನೇ ಅಕ್ಷರ ವರ್ಷ, ಎ ಅಂದ್ರೆ 1965, ಅಲ್ಲಿಂದ ಐ, ಓ ಎರಡು ಅಕ್ಷರ ಬಿಟ್ಟು ಎಣಿಸ್ಕೊಂಡು ಹೋಗಿ. ಇಂಗ್ಲೆಂಡಿನ ಸ್ಟರ್ಮಿ-ಆರ್ಚರ್ ಕಂಪನಿಯ ಹಬ್ (ಚಕ್ರದ ಮಧ್ಯದ ಗುಂಬ) ಇದ್ರೆ ಇನ್ನೂ ಸುಲಭ, ಹಿಂದಿನ ಚಕ್ರದ ಹಬ್ ಮೇಲೆ ಧೂಳು ಒರೆಸಿದ್ರೆ ವರ್ಷ ತಿಂಗಳು ಎರಡೂ ಅಂಕಿಯಲ್ಲೇ ಒತ್ತಿರ್ತಾರೆ. ಜಪಾನಿನ ಶಿಮಾನೋ ಕಂಪನಿಯ ಪಾರ್ಟುಗಳ ಹಿಂದೆ ಎರಡಕ್ಷರ ಇರುತ್ತೆ, ಮೊದಲನೇದು ವರ್ಷ, ಎ ಅಂದ್ರೆ 1976. ಆದ್ರೆ ಚಕ್ರ ಬದಲಾಗಿರಬಹುದು, ಪಾರ್ಟ್ ಬದಲಾಗಿರಬಹುದು, ಒಂದೇ ಕಡೆ ನೋಡಿ ತೀರ್ಮಾನ ಮಾಡ್ಬೇಡಿ.

ಮೂರು ಗೇರಿನ ರಾಲೀ ಸೈಕಲ್ ಹೆಂಗೆ? ಗೇರೇ ಬೀಳ್ತಾ ಇಲ್ಲ, ಕೆಟ್ಟೋಗಿದೆಯಾ?

ನನ್ನ ಕೇಳಿದ್ರೆ ಕೋ-ಆಪಲ್ಲಿ ಸಿಗೋ ಸೈಕಲ್ಲುಗಳಲ್ಲಿ ದಿನಾ ಓಡಿಸೋಕೆ ರಾಲೀ ಸ್ಪೋರ್ಟ್ಸ್ ಮೀರಿಸಿದ್ದು ಇನ್ನೊಂದಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಲ್ಲಿ ಮಾಡಿದ್ದು, ಮಡ್‌ಗಾರ್ಡ್ ಇರುತ್ತೆ, ನೆಟ್ಟಗೆ ಕೂತು ಓಡಿಸಬಹುದು, ಎಷ್ಟೋ ಸಲ ಬ್ರೂಕ್ಸ್ ಚರ್ಮದ ಸೀಟೂ ಜೊತೆಗೆ ಸಿಗುತ್ತೆ. ಗೇರೆಲ್ಲಾ ಹಿಂದಿನ ಹಬ್ ಒಳಗೇ ಇರೋದ್ರಿಂದ ಮಳೆ, ಹಿಮ, ಉಪ್ಪು ಯಾವುದೂ ಒಳಗೆ ಹೋಗಲ್ಲ. ಸ್ಟರ್ಮಿ-ಆರ್ಚರ್ ಎಡಬ್ಲ್ಯೂ ಅಂತ ಆ ಹಬ್ಬಿನ ಹೆಸರು. ಎರಡನೇ ಗೇರು ನೇರ, ಒಂದನೇದು ಅದಕ್ಕಿಂತ 25% ಹಗುರ, ಮೂರನೇದು 33% ಭಾರ, ಇಷ್ಟೇ ಲೆಕ್ಕ.

ಗೇರ್ ಬೀಳ್ತಿಲ್ಲ ಅಂತ ದಾನಕ್ಕೆ ಬರೋ ಹಬ್ಬುಗಳಲ್ಲಿ ಮುಕ್ಕಾಲುಪಾಲು ಕೆಟ್ಟಿರೋದೇ ಇಲ್ಲ, ಒಳಗೆ ಎಣ್ಣೆ ಒಣಗಿ ಅಂಟಾಗಿರುತ್ತೆ, ಇಲ್ಲಾ ಕೇಬಲ್ ಸಡಿಲ ಆಗಿರುತ್ತೆ, ಅಷ್ಟೇ. ಹಬ್ ಮೇಲೆ ಸಣ್ಣ ಮುಚ್ಚಳ ಇದೆ, ಅದನ್ನ ತೆಗೆದು ತೆಳು ಎಣ್ಣೆ ಒಂದು ಚಮಚದಷ್ಟು ಬಿಟ್ಟು ಚಕ್ರ ತಿರುಗಿಸ್ತಾ ಒಂದು ರಾತ್ರಿ ಬಿಡಿ. ಆಮೇಲೆ ಕೇಬಲ್. ಹ್ಯಾಂಡಲ್ ಮೇಲಿನ ಗೇರ್ ಗುಂಡಿಯನ್ನ ಎರಡನೇ ಗೇರಿಗೆ ಹಾಕಿ, ಪೆಡಲನ್ನ ಹಿಂದಕ್ಕೆ ಮುಂದಕ್ಕೆ ಸ್ವಲ್ಪ ಆಡಿಸಿ. ಹಿಂದಿನ ಚಕ್ರದ ಬಲಗಡೆ ನಟ್ಟಲ್ಲಿ ಒಂದು ಕಿಂಡಿ ಇದೆ, ಕಣ್ಣು ಹತ್ರ ಇಟ್ಟು ನೋಡಿ, ಸರಪಳಿ ಸೇರಿಕೊಂಡಿರೋ ಪುಟ್ಟ ಕಡ್ಡಿ ಕಾಣುತ್ತೆ, ಆ ಕಡ್ಡಿಯ ಭುಜ ಟೊಳ್ಳು ಆಕ್ಸಲ್ಲಿನ ತುದಿಗೆ ಸರಿಸಮ ಬರಬೇಕು, ಒಳಗೂ ಹೋಗಬಾರದು ಹೊರಗೂ ಬರಬಾರದು. ಬರೋವರೆಗೂ ಕೇಬಲ್ ತುದಿಯ ಗಿರಗಿಟ್ಟೆ ತಿರುಗಿಸಿ ಲಾಕ್ ನಟ್ ಬಿಗಿ ಮಾಡಿ. ಮುಗೀತು.

ಇದು ಮುಖ್ಯ ಯಾಕಂದ್ರೆ ಕೇಬಲ್ ಸರಿ ಇಲ್ದೆ ಇದ್ರೆ ಎರಡು ಮತ್ತೆ ಮೂರರ ಮಧ್ಯೆ ಯಾವ ಗೇರೂ ಹಿಡಿಯದ ಜಾಗ ಒಂದಿದೆ, ಎದ್ದು ನಿಂತು ಜೋರಾಗಿ ತುಳೀತಿರೋವಾಗ ಅಲ್ಲಿಗೆ ಬಿತ್ತು ಅಂದ್ರೆ ಪೆಡಲ್ ಖಾಲಿ ತಿರುಗಿ ನೀವು ನೇರ ಹ್ಯಾಂಡಲ್ ಮೇಲೆ. ಹೊಂದಿಸದೆ ಓಡಿಸಲೇಬೇಡಿ.

ಏರು ರಸ್ತೆ ಇರೋ ಊರಾದ್ರೆ ಹಿಂದಿನ 18 ಹಲ್ಲಿನ ಚಕ್ರ ತೆಗೆದು 22ರದ್ದು ಹಾಕಿ, ಒಂದು ಸ್ಪ್ರಿಂಗ್ ರಿಂಗನ್ನ ಸ್ಕ್ರೂಡ್ರೈವರಲ್ಲಿ ಮೀಟಿದ್ರೆ ಬರುತ್ತೆ, ಚೈನ್ ಮಾತ್ರ ಸ್ವಲ್ಪ ಉದ್ದ ಬೇಕು. ಬಹಳ ಜನ ಇದನ್ನ ಮಾಡಲ್ಲ, ಮೂರನೇ ಗೇರ್ ಉಪಯೋಗಕ್ಕೇ ಬರಲ್ಲ ಅಂತ ದೂರ್ತಾ ಇರ್ತಾರೆ.

ನಮ್ಮ ತಾತನ ಸೈಕಲ್ ಥರಾನೇ ಒಂದು ಕಪ್ಪು ಸೈಕಲ್ ನೋಡಿದೆ, ರಾಡ್ ಬ್ರೇಕಿಂದು. ಇಂಡಿಯಾದಿಂದ ಬಂದಿದ್ದಾ?

ಉಲ್ಟಾ. ಅದು ರಾಲೀ ಟೂರಿಸ್ಟ್ ಡಿಎಲ್-1 ಇರ್ಬೇಕು, ನಿಮ್ಮ ತಾತನ ಸೈಕಲ್ ಅದರ ವಂಶದ್ದು. ಸ್ವಾತಂತ್ರ್ಯ ಬಂದ ಮೇಲೆ ಅಸನ್ಸೋಲಲ್ಲಿ ಸೆನ್-ರಾಲೀ ಫ್ಯಾಕ್ಟರಿ ಬಂತು, ಮದ್ರಾಸಲ್ಲಿ 1949ರಲ್ಲಿ ಟಿಐ ಸೈಕಲ್ಸ್ ಶುರುವಾಗಿ ಹರ್ಕ್ಯುಲಿಸ್, ಬಿಎಸ್‌ಎ, ಫಿಲಿಪ್ಸ್ ಹೆಸರಲ್ಲಿ ಮಾಡೋಕೆ ಹತ್ತಿದ್ರು, ಆಮೇಲೆ ಸೋನಿಪತ್‌ನ ಅಟ್ಲಾಸು, ಲುಧಿಯಾನಾದ ಹೀರೋ. ಎಲ್ಲರದ್ದೂ ಅದೇ ಇಂಗ್ಲಿಷ್ ರೋಡ್‌ಸ್ಟರ್ ನಮೂನೆ, ಅದೇ ರಾಡ್ ಬ್ರೇಕು, ಅದೇ 28 ಇಂಚಿನ ಚಕ್ರ. ಇಂಗ್ಲೆಂಡಲ್ಲಿ ನಿಂತೋಯ್ತು, ನಮ್ಮಲ್ಲಿ ಮುಂದುವರೀತು. ಹರ್ಕ್ಯುಲಿಸ್ ಅನ್ನೋ ಹೆಸರಿನ ಹಳೇ ಸೈಕಲ್ಲೂ ಕೋ-ಆಪಿಗೆ ಆಗಾಗ ಬರುತ್ತೆ, ಅದರ ಮೇಲೆ ಎಎಂಎಫ್ ಅಂತಲೂ ಇರುತ್ತೆ, ಆ ಅಮೆರಿಕನ್ ಕಂಪನಿ ಇಂಗ್ಲೆಂಡಿಂದ ತರಿಸಿ ಮಾರಿದ್ದು.

ಇದರಿಂದ ನಮಗೊಂದು ಲಾಭ ಇದೆ. ಡಿಎಲ್-1 ಟೈರ್ ಅಳತೆ 28 x 1½, ಅಮೆರಿಕಾದ ಅಂಗಡೀಲಿ ಕೇಳಿದ್ರೆ ಮುಖ ನೋಡ್ತಾರೆ, ನಮ್ಮೂರ ಸೈಕಲ್ ಶಾಪಲ್ಲಿ ಅದು ಮಾಮೂಲಿ ಟೈರು. ಊರಿಂದ ಬರೋರ ಹತ್ರ ಸೂಟ್‌ಕೇಸಲ್ಲಿ ಎರಡು ಟೈರ್, ಎರಡು ಟ್ಯೂಬ್, ಬ್ರೇಕ್ ರಬ್ಬರ್ ತರಿಸ್ಕೊಳ್ಳಿ. ಹಪ್ಪಳ ಸಂಡಿಗೆ ಜೊತೆ ಆರಾಮಾಗಿ ಹಿಡಿಯುತ್ತೆ.

ಕಾಟರ್ ಪಿನ್ ಇರೋ ಸೈಕಲ್ ಬೇಡ ಅಂತಾರಲ್ಲ ಇಲ್ಲಿಯೋರು?

ಇಲ್ಲಿಯ ಮೆಕ್ಯಾನಿಕ್‌ಗಳಿಗೆ ಅದನ್ನ ಕಂಡ್ರೆ ಭಯ, ನಮಗೇನೂ ಹೊಸದಲ್ಲ. ಪೆಡಲ್ ಕಡ್ಡಿಯನ್ನ ಆಕ್ಸಲ್ಲಿಗೆ ಬಿಗಿಯೋ ಬೆಣೆ ಅದು. ತೆಗೆಯೋವಾಗ ಕಡ್ಡಿಯ ಕೆಳಗೆ ಗಟ್ಟಿ ಆಸರೆ ಕೊಡಿ, ಒಂದು ಕಬ್ಬಿಣದ ಪೈಪ್ ನೆಲದಿಂದ ಕಡ್ಡಿವರೆಗೂ ನಿಲ್ಲಿಸಿದ್ರೆ ಸಾಕು, ಇಲ್ದಿದ್ರೆ ಸುತ್ತಿಗೆ ಏಟೆಲ್ಲಾ ಒಳಗಿನ ಬಾಲ್ಸಿಗೆ ಬಿದ್ದು ಕಪ್ಪಲ್ಲಿ ಗುಳಿ ಬೀಳುತ್ತೆ. ಒಳ್ಳೇ ಕೋ-ಆಪಲ್ಲಿ ಕಾಟರ್ ಪ್ರೆಸ್ ಅಂತ ಟೂಲೇ ಇರುತ್ತೆ, ಅದಿದ್ರೆ ಸುತ್ತಿಗೆ ಮುಟ್ಟೋದೇ ಬೇಡ. ಇಂಗ್ಲಿಷ್ ಪಿನ್ 9.5 ಎಂಎಂ, ಫ್ರೆಂಚ್ ಪಿನ್ 9, ಅಳತೆ ನೋಡಿ ತಗೊಳ್ಳಿ.

ಪ್ಯೂಜೋ ಸೈಕಲ್ ಎಷ್ಟು ಚಂದ ಇದೆ, ಬೆಲೆಯೂ ಕಮ್ಮಿ. ಯಾಕೆ ಯಾರೂ ತಗೊಂಡಿಲ್ಲ?

ಪ್ಯೂಜೋ ಫ್ರೆಂಚ್ ಕಂಪನಿ. ಚಂದ ಇದೆ, ಓಡಿಸೋಕೂ ಹಿತ, ಅದರ ಮಾಫಾಕ್ ಬ್ರೇಕುಗಳು ಕಿರುಚಿದ್ರೂ ಚೆನ್ನಾಗಿ ಹಿಡೀತವೆ. ತೊಂದರೆ ಇರೋದು ಅಳತೇಲಿ. ಆ ಕಾಲದ ಫ್ರೆಂಚರು ಎಲ್ಲದಕ್ಕೂ ತಮ್ಮದೇ ಮೆಟ್ರಿಕ್ ಅಳತೆ ಇಟ್ಕೊಂಡಿದ್ರು. ಪೆಡಲಿನ ಮರೆ (ಸ್ಕ್ರೂ ಥ್ರೆಡ್) 14 x 1.25 ಎಂಎಂ, ಬೇರೆ ಪೆಡಲ್ ಹತ್ತಲ್ಲ, ಬಲವಂತ ಮಾಡಿದ್ರೆ ಮರೆ ಹೋಗುತ್ತೆ. ಹ್ಯಾಂಡಲ್ ಸ್ಟೆಮ್ಮು 22.0 ಎಂಎಂ, ಮಿಕ್ಕ ಜಗತ್ತಿಗೆ 22.2, ಆ 0.2 ಎಂಎಂಗೆ ಒಂದು ಸಂಜೆ ಪೂರ್ತಿ ಮರಳು ಕಾಗದ ಉಜ್ಜೋರನ್ನ ನೋಡಿದೀನಿ. ಪೆಡಲ್ ಆಕ್ಸಲ್ ಕೂರೋ ಬಾಟಮ್ ಬ್ರ್ಯಾಕೆಟ್ ಕಪ್ಪುಗಳು 35 x 1 ಎಂಎಂ, ಎರಡೂ ಕಡೆ ಬಲಮರೆ. ಇಂಗ್ಲಿಷ್ ಸೈಕಲ್ಲಲ್ಲಿ ಚೈನ್ ಕಡೆಯ ಕಪ್ಪಿಗೆ ಎಡಮರೆ ಇರುತ್ತೆ, ಗೊತ್ತಿಲ್ದೆ ಆ ಲೆಕ್ಕದಲ್ಲಿ ತಿರುಗಿಸಿದ್ರೆ ಬಿಚ್ಚೋ ಬದಲು ಬಿಗಿ ಮಾಡ್ತಾ ಇರ್ತೀರ.

ರಾಲೀನೂ ಏನು ಸಾಚಾ ಅಲ್ಲ, ಎಲ್ಲಾ ಇಂಗ್ಲಿಷ್ ಕಂಪನಿಗಳೂ ಇಂಚಿಗೆ 24 ಮರೆ ಇಟ್ರೆ ನಾಟಿಂಗ್‌ಹ್ಯಾಮಿನೋರು ಮಾತ್ರ 26 ಇಟ್ರು. ಇಟಲಿಯೋರದು ಇನ್ನೊಂದು, 36 ಎಂಎಂ ವ್ಯಾಸಕ್ಕೆ ಇಂಚಿಗೆ 24 ಮರೆ, ಅರ್ಧ ಮೆಟ್ರಿಕ್ ಅರ್ಧ ಇಂಚು. ಈ ಗೊಂದಲವನ್ನೆಲ್ಲಾ ಕೂತು ಟೇಬಲ್ ಹಾಕಿ ಬರೆದಿಟ್ಟೋರು ಮ್ಯಾಸಚೂಸೆಟ್ಸಿನ ಮೆಕ್ಯಾನಿಕ್ ಶೆಲ್ಡನ್ ಬ್ರೌನ್, 2008ರಲ್ಲಿ ತೀರಿಕೊಂಡ್ರು, ಇವತ್ತಿಗೂ ಕೋ-ಆಪ್‌ಗಳಲ್ಲಿ ಜಗಳ ಬಿಡಿಸೋದು ಅವರ ಟೇಬಲ್ಲೇ.

ಪ್ಯೂಜೋ ತಗೋಬೇಡಿ ಅಂತಲ್ಲ. ಎಲ್ಲಾ ಪಾರ್ಟೂ ಪೂರ್ತಿ ಇದ್ದು, ಪೆಡಲ್ ಆಕ್ಸಲ್ ಅಲುಗಾಡದೆ ನುಣ್ಣಗೆ ತಿರುಗ್ತಾ ಇದ್ರೆ ತಗೊಳ್ಳಿ. ಪಾರ್ಟ್ ಕಳೆದಿದ್ರೆ ಹುಡುಕೋ ತಾಳ್ಮೆ ಇದೆಯಾ ಕೇಳ್ಕೊಳ್ಳಿ.

ಹಂಗಾದ್ರೆ ತಲೆನೋವಿಲ್ಲದ್ದು ಯಾವುದು?

ಎಂಬತ್ತರ ದಶಕದ ಜಪಾನ್ ಸೈಕಲ್. ಮಿಯಾಟಾ, ಫ್ಯೂಜಿ, ಪ್ಯಾನಾಸಾನಿಕ್, ನಿಶಿಕಿ, ಸೆಂಚೂರಿಯನ್, ಯುನಿವೇಗಾ, ಬ್ರಿಡ್ಜ್‌ಸ್ಟೋನ್, ಯಾವುದಾದ್ರೂ ಸರಿ. ಪೈಪ್ ಬೆಸೆದ ಜಾಗ ಶುದ್ಧ, ಮರೆ ಅಳತೆ ಎಲ್ಲಾ ಸ್ಟ್ಯಾಂಡರ್ಡ್, ಅಲ್ಯೂಮಿನಿಯಂ ರಿಮ್ಮು, ಗೇರು ಬೆಣ್ಣೆ. ಸನ್‌ಟೂರ್ ಕಂಪನಿ 1964ರಲ್ಲೇ ಓರೆ ಚೌಕಟ್ಟಿನ ಡಿರೇಲರ್ (ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸೋ ಪಾರ್ಟು) ಕಂಡುಹಿಡಿದು ಪೇಟೆಂಟ್ ಮಾಡಿಸ್ಕೊಂಡಿತ್ತು, ಅದಕ್ಕೇ ಎಪ್ಪತ್ತರ ದಶಕದಲ್ಲಿ ಕಮ್ಮಿ ಬೆಲೆಯ ಜಪಾನಿ ಗೇರು ದುಬಾರಿ ಯುರೋಪಿನ ಗೇರಿಗಿಂತ ಸಲೀಸಾಗಿ ಬೀಳ್ತಿತ್ತು. 1984ರಲ್ಲಿ ಪೇಟೆಂಟ್ ಅವಧಿ ಮುಗೀತು, ಶಿಮಾನೋ ಅದನ್ನ ತಗೊಂಡು ಟಕ್ ಅಂತ ಬೀಳೋ ಇಂಡೆಕ್ಸ್ ಗೇರ್ ಜೊತೆ ಸೇರಿಸಿ ಮಾರುಕಟ್ಟೇನೇ ಹಿಡ್ಕೊಂಡ್ತು. ಸನ್‌ಟೂರ್ ಪಾಪ ಮೇಲೇಳಲೇ ಇಲ್ಲ.

1985ರಲ್ಲಿ ಡಾಲರ್ ಬೆಲೆ ಇಳಿಸೋಕೆ ದೊಡ್ಡ ದೇಶಗಳು ಮಾಡ್ಕೊಂಡ ಪ್ಲಾಜಾ ಒಪ್ಪಂದದ ಮೇಲೆ ಯೆನ್ ಏರಿ ಜಪಾನ್ ಸೈಕಲ್ ಅಮೆರಿಕಾದಲ್ಲಿ ದುಬಾರಿ ಆಯ್ತು, ಕೆಲಸ ತೈವಾನಿಗೆ ಹೋಯ್ತು. ಹಂಗಾಗಿ ಹೆಚ್ಚುಕಮ್ಮಿ 1978ರಿಂದ 1988ರ ಒಳಗಿನದು ಸಿಕ್ಕಿದ್ರೆ ಹೆಚ್ಚು ಯೋಚನೆ ಮಾಡ್ಬೇಡಿ. ಫ್ರೇಮ್ ಮೇಲೆ ಕ್ರೋಮೋಲಿ ಅಂತ ಸ್ಟಿಕರ್ ಇದ್ರೆ ಇನ್ನೂ ಒಳ್ಳೇದು, ಅದು ಹಗುರ ಗಟ್ಟಿ ಸ್ಟೀಲು. ಹೈ-ಟೆನ್ ಅಂತಿದ್ರೆ ಮಾಮೂಲಿ ಸ್ಟೀಲು, ಸ್ವಲ್ಪ ಭಾರ, ಅಷ್ಟೇ. ಇಂಗ್ಲಿಷ್ ಸೈಕಲ್ಲಿನ ಮೇಲೆ ರೆನಾಲ್ಡ್ಸ್ 531 ಅನ್ನೋ ಮೇಲ್ದರ್ಜೆ ಸ್ಟೀಲ್ ಪೈಪಿನ ಸ್ಟಿಕರ್ ಕಂಡ್ರೆ ಕೋ-ಆಪಿನೋರೇ ಅದನ್ನ ಪಕ್ಕಕ್ಕೆ ಎತ್ತಿಟ್ಟಿರ್ತಾರೆ ಬಿಡಿ.

26 ಇಂಚಿನ ಟೈರ್ ತಂದೆ, ಕೂರ್ತಾನೇ ಇಲ್ಲ!

ಅಯ್ಯೋ, ಇದು ವಾರವಾರವೂ ಬರೋ ದೂರು. 26 ಅಂತ ಬರೆದಿದ್ರೆ ಒಂದೇ ಅಳತೆ ಅಲ್ಲ. ಮೌಂಟನ್ ಬೈಕಿನ 26ಕ್ಕೆ ರಿಮ್ ವ್ಯಾಸ 559 ಎಂಎಂ, ರಾಲೀ ಸ್ಪೋರ್ಟ್ಸಿನ 26 x 1⅜ಕ್ಕೆ 590, ಶ್ವಿನ್ ಕಾಲೇಜಿಯೇಟ್, ಬ್ರೀಜ್ ಮುಂತಾದವುಗಳ 26 x 1⅜ಕ್ಕೆ 597. ಕೊನೇ ಎರಡರ ಮೇಲೆ ಬರೆದಿರೋದು ಒಂದೇ, ಆದ್ರೆ ಒಂದಕ್ಕೊಂದು ಆಗಲ್ಲ. ಟೆನ್ ಸ್ಪೀಡಿನ 27 ಇಂಚು 630, ಈಗಿನ 700ಸಿ ಅನ್ನೋದು 622, ನಮ್ಮೂರ 28 x 1½ ಅಂದ್ರೆ 635. ಇಂಚು ಮರೆತುಬಿಡಿ, ಟೈರ್ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ಮೂರಂಕಿ ಇರುತ್ತೆ, ಅದನ್ನ ಫೋಟೋ ತೆಗೆದು ಅಂಗಡಿಗೆ ಹೋಗಿ.

ಮಳೇಲಿ ಬ್ರೇಕೇ ಹಿಡಿಯಲ್ಲ, ಏನು ಮಾಡ್ಲಿ?

ನಿಮ್ಮದು ಕ್ರೋಮ್ ಸ್ಟೀಲ್ ರಿಮ್ಮು. ಒದ್ದೆ ಆದ್ರೆ ರಬ್ಬರ್ ಜಾರುತ್ತೆ, ಬ್ರೇಕ್ ಒತ್ತಿ ಮೂರು ನಾಲ್ಕು ಸುತ್ತು ಆದ ಮೇಲೆ ಹಿಡಿಯುತ್ತೆ, ಅಷ್ಟರಲ್ಲಿ ಸಿಗ್ನಲ್ ದಾಟಿರ್ತೀರ. ಕೂಲ್-ಸ್ಟಾಪ್ ಕಂಪನಿಯ ಕಿತ್ತಳೆ-ಗುಲಾಬಿ ಬಣ್ಣದ ಬ್ರೇಕ್ ರಬ್ಬರ್ ಹಾಕಿದ್ರೆ ಪರವಾಗಿಲ್ಲ ಅನ್ನೋಷ್ಟು ಆಗುತ್ತೆ. ನಿಜವಾದ ಪರಿಹಾರ ಅಲ್ಯೂಮಿನಿಯಂ ರಿಮ್ಮಿನ ಚಕ್ರ. 27 ಇಂಚಿನ ಸೈಕಲ್ಲಿಗೆ 700ಸಿ ಚಕ್ರ ಹಾಕಬಹುದು, ಬ್ರೇಕ್ ರಬ್ಬರನ್ನ 4 ಎಂಎಂ ಕೆಳಗೆ ಇಳಿಸೋಕೆ ಜಾಗ ಇದ್ರೆ. ಹಿಂದಿನ ಚಕ್ರದ ಅಗಲವನ್ನೂ ನೋಡ್ಕೊಳ್ಳಿ, ಐದು ಗೇರಿನ ಕಾಲಕ್ಕೆ ಫೋರ್ಕ್ ಮಧ್ಯೆ 120 ಎಂಎಂ, ಆರು ಏಳು ಗೇರಿಗೆ 126, ಆಮೇಲೆ 130 ಆಯ್ತು. ಸ್ಟೀಲ್ ಫ್ರೇಮ್ ಆದ್ರಿಂದ ಸ್ವಲ್ಪ ಅಗಲಿಸಬಹುದು, ಆದ್ರೆ ಗೊತ್ತಿರೋರ ಕೈಲಿ ಮಾಡಿಸಿ.

ಹಳೇ ಟೆನ್ ಸ್ಪೀಡುಗಳಲ್ಲಿ ಹ್ಯಾಂಡಲ್ ಮೇಲ್ಗಡೆ ಇನ್ನೊಂದು ಜೊತೆ ಅಡ್ಡ ಬ್ರೇಕ್ ಲಿವರ್ ಇರುತ್ತಲ್ಲ, ಅದನ್ನ ನಂಬ್ಕೋಬೇಡಿ, ಪೂರ್ತಿ ಒತ್ತಿದ್ರೂ ಅರ್ಧ ಹಿಡಿಯುತ್ತೆ. ನಾನಾಗಿದ್ರೆ ಬಿಚ್ಚಿ ಡಬ್ಬಕ್ಕೆ ಹಾಕ್ತೀನಿ.

ಸೀಟ್‌ಪೋಸ್ಟ್ ಕಚ್ಕೊಂಡಿದೆ, ಆಸೆ ಬಿಡ್ಬೇಕಾ?

ಸ್ಟೀಲಿಗೆ ಸ್ಟೀಲ್ ಆದ್ರೆ ಆಸೆ ಇದೆ. ಸೈಕಲ್ ತಲೆಕೆಳಗು ಮಾಡಿ, ಕೆಳಗಿನ ಬಾಟಮ್ ಬ್ರ್ಯಾಕೆಟ್ ಬಿಚ್ಚಿ ಅಲ್ಲಿಂದ ತುಕ್ಕು ಬಿಡಿಸೋ ಎಣ್ಣೆ ಬಿಡಿ, ದಿನಾ ಸ್ವಲ್ಪ ಸ್ವಲ್ಪ, ಒಂದು ವಾರ. ಆಮೇಲೆ ಒಂದು ಕೆಲಸಕ್ಕೆ ಬಾರದ ಹಳೇ ಸೀಟು ಬಿಗಿದು, ಅದನ್ನ ಹಿಡ್ಕೊಂಡು ತಿರುಚಿ, ಎಳೆಯೋದಲ್ಲ, ತಿರುಚೋದು. ಅಲ್ಯೂಮಿನಿಯಂ ಪೋಸ್ಟು ಸ್ಟೀಲ್ ಫ್ರೇಮಲ್ಲಿ ಕಚ್ಚಿದ್ರೆ ಎರಡು ಲೋಹದ ಮಧ್ಯೆ ಬಿಳಿ ಪುಡಿ ಕಟ್ಟಿ ಸಿಮೆಂಟಾಗಿರುತ್ತೆ, ಕೊನೇಗೆ ಗರಗಸ ಹಾಕಿ ಒಳಗಿಂದ ಸೀಳಬೇಕಾಗಬಹುದು, ಅದು ಪ್ರೀತಿಯ ಸೈಕಲ್ಲಿಗೆ ಮಾತ್ರ ಮಾಡೋ ಕೆಲಸ. ಬಿಡಿಸಿದ ಮೇಲೆ ಗ್ರೀಸ್ ಹಚ್ಚದೆ ವಾಪಸ್ ಹಾಕೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ.

ಹಳೇದು ಅಂದ್ರೆ ಮುರಿದು ಬೀಳಲ್ವಾ? ಡೇಂಜರ್ ಯಾವ್ಯಾವುದು?

ಸ್ಟೀಲ್ ಫ್ರೇಮು ಸಾಮಾನ್ಯವಾಗಿ ಹಂಗೆಲ್ಲಾ ಮುರಿಯಲ್ಲ. ಹಳೇ ಅಲ್ಯೂಮಿನಿಯಂ ಮೇಲೆ ಕಣ್ಣಿಡಿ. ಫ್ರೆಂಚ್ ಸೈಕಲ್ಲುಗಳಲ್ಲಿ ಎವಿಎ ಅಂತ ಬರೆದಿರೋ ಹ್ಯಾಂಡಲ್ ಸ್ಟೆಮ್ಮು ಬಿರುಕು ಬಿಡೋದಕ್ಕೇ ಹೆಸರಾಗಿದೆ, ಇಲ್ಲಿಯೋರು ಡೆತ್ ಸ್ಟೆಮ್ ಅಂತಾರೆ, ಮುಲಾಜಿಲ್ಲದೆ ಬದಲಾಯಿಸಿ. ವೈಕೌಂಟ್ ಅನ್ನೋ ಇಂಗ್ಲಿಷ್ ಸೈಕಲ್ಲಿನ ಅಲ್ಯೂಮಿನಿಯಂ ಫೋರ್ಕೂ ಅಷ್ಟೇ, ಕಂಪನಿಯೇ ವಾಪಸ್ ಕರೆಸಿಕೊಂಡಿತ್ತು, ಆದ್ರೂ ಒಂದೊಂದು ಉಳಿದುಕೊಂಡು ಬರುತ್ತೆ. ಸಿಂಪ್ಲೆಕ್ಸ್ ಪ್ಲಾಸ್ಟಿಕ್ ಡಿರೇಲರ್ ಬಿರುಕು ಬಿಟ್ರೆ ಪ್ರಾಣಕ್ಕೇನೂ ಇಲ್ಲ, ಗೇರ್ ಹೋಗುತ್ತೆ ಅಷ್ಟೇ. ಟೈರ್ ಮಾತ್ರ, ಎಷ್ಟೇ ಚೆನ್ನಾಗಿ ಕಂಡ್ರೂ, ಹೊಸದು ಹಾಕಿ. ರಿಮ್ಮಿನ ಒಳ ಅಂಚಲ್ಲಿ ಕೊಕ್ಕೆ ಇಲ್ಲದ ಹಳೇ ರಿಮ್ಮಾದ್ರೆ ಗಾಳಿ ಜಾಸ್ತಿ ತುಂಬಬೇಡಿ, ಟೈರ್ ಕಿತ್ಕೊಂಡು ಢಂ ಅನ್ನುತ್ತೆ.

ತುಕ್ಕು ತೆಗೆದು ಹೊಸ ಪೇಂಟ್ ಹೊಡಿಸ್ಲಾ?

ಬೇಡ. ಒರಿಜಿನಲ್ ಪೇಂಟು, ಸ್ಟಿಕರ್ ಉಳಿಸ್ಕೊಳ್ಳಿ, ಗೀರು ಇದ್ರೆ ಇರಲಿ. ಅದೂ ಅಲ್ದೆ ಹಳೇ ಪೇಂಟಲ್ಲಿ ಸೀಸ ಇರಬಹುದು, ಅಮೆರಿಕಾದಲ್ಲಿ ಮನೆಗೆ ಹೊಡೆಯೋ ಸೀಸದ ಪೇಂಟ್ ನಿಲ್ಲಿಸಿದ್ದೇ 1978ರಲ್ಲಿ, ಅಪಾರ್ಟ್‌ಮೆಂಟ್ ಒಳಗೆ ಮಗು ಆಡೋ ಜಾಗದಲ್ಲಿ ಕೂತು ಮರಳು ಕಾಗದ ಉಜ್ಜಬೇಡಿ. ಕ್ರೋಮ್ ಮೇಲಿನ ಮೇಲ್ತುಕ್ಕಿಗೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ ನೀರಲ್ಲಿ ಅದ್ದಿ ತಿಕ್ಕಿ, ಆಶ್ಚರ್ಯ ಆಗೋ ಹಾಗೆ ಹೊಳೆಯುತ್ತೆ.

ಅಮ್ಮನಿಗೆ ಒಂದು ಬೇಕು, ಕಾಲು ಎತ್ತಿ ಹಾಕೋಕೆ ಆಗಲ್ಲ ಅವರಿಗೆ.

ಅಡ್ಡಪೈಪ್ ಕೆಳಗಿಳಿದಿರೋ ಲೇಡೀಸ್ ಫ್ರೇಮ್ ತಗೊಳ್ಳಿ, ರಾಲೀ ಸ್ಪೋರ್ಟ್ಸಲ್ಲಿ, ಶ್ವಿನ್ ಬ್ರೀಜಲ್ಲಿ ಬೇಕಾದಷ್ಟು ಸಿಗುತ್ತೆ, ಇಲ್ಲಿಯ ಗಂಡಸರು ಮುಟ್ಟದೇ ಇರೋದ್ರಿಂದ ಬೆಲೆಯೂ ಕಮ್ಮಿ, ಎಷ್ಟೋ ಸಲ ಓಡಿಸೇ ಇರಲ್ಲ. ಸೀಟು ಪೂರ್ತಿ ಇಳಿಸಿ, ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು, ಧೈರ್ಯ ಬಂದ ಮೇಲೆ ಒಂದೊಂದು ಇಂಚು ಏರಿಸಿ. ಸೀರೆ ಉಡ್ತಾರೆ ಅಂದ್ರೆ ಪೂರ್ತಿ ಮುಚ್ಚಿದ ಚೈನ್ ಕವರ್ ಬೇಕು, ಅದು ಇಲ್ಲಿ ಅಪರೂಪ. ನಮ್ಮ ಕೋ-ಆಪಿಗೆ ಬಂದಿದ್ದ ಶಿವಮೊಗ್ಗದ ಆಂಟಿ ಒಬ್ರು ಚಿಕ್ಕೋರಿದ್ದಾಗ ಒಳಪೆಡ್ಲು ಹೊಡೆದು ಕಲ್ತಿದ್ದಂತೆ, ಚೂಡಿದಾರ್ ಪ್ಯಾಂಟಿಗೆ ರಬ್ಬರ್ ಬ್ಯಾಂಡ್ ಹಾಕ್ಕೊಂಡು ಪಾರ್ಕಿಂಗ್ ಲಾಟ್ ಸುತ್ತು ಹಾಕಿಯೇ ಬಿಟ್ರು, ಮಗ ಹಿಂದೆ ಹಿಂದೆ ಓಡ್ತಿದ್ದ.

ಕದ್ದ ಮಾಲು ಇರಲ್ವಾ ಅಲ್ಲಿ?

ಕೋ-ಆಪಿನೋರು ಅನುಮಾನ ಬಂದ್ರೆ ತಗೊಳ್ಳಲ್ಲ, ಆದ್ರೂ ಸೀರಿಯಲ್ ನಂಬರನ್ನ ಬೈಕ್ ಇಂಡೆಕ್ಸ್ ರಿಜಿಸ್ಟ್ರಿಯಲ್ಲಿ ಒಂದು ಸಲ ಹಾಕಿ ನೋಡಿ, ನಿಮ್ಮ ಹೆಸರಲ್ಲಿ ರಿಜಿಸ್ಟರೂ ಮಾಡಿಸ್ಕೊಳ್ಳಿ. ರಸೀದಿ ಇಟ್ಕೊಳ್ಳಿ.

ತಗೊಂಡು ಮಾರಿದ್ರೆ ಲಾಭ ಬರುತ್ತಾ? "ವಿಂಟೇಜ್" ಅಂತ ಭಾರೀ ರೇಟ್ ಹಾಕಿರ್ತಾರೆ ಆನ್‌ಲೈನಲ್ಲಿ.

ರೇಟ್ ಹಾಕೋಕೆ ಏನು, ಯಾರು ಬೇಕಾದ್ರೂ ಎಷ್ಟು ಬೇಕಾದ್ರೂ ಹಾಕಬಹುದು, ಮಾರಾಟ ಆಗಿದ್ದು ಎಷ್ಟಕ್ಕೆ ಅಂತ ನೋಡಿ. ಶ್ವಿನ್ನಿನ ದುಬಾರಿ ಮಾಡೆಲ್ ಪ್ಯಾರಾಮೌಂಟು, ಕ್ಯಾಂಪಿ (ಕ್ಯಾಂಪಾನ್ಯೋಲೋ ಕಂಪನಿ) ಪಾರ್ಟ್ಸ್ ಇರೋ ಇಟಲಿ ಸೈಕಲ್ಲು, ಇಂಥವಕ್ಕೆ ಬೆಲೆ ಇದೆ, ಅವನ್ನ ಕೋ-ಆಪಿನೋರೇ ಗುರುತಿಸಿ ಬೇರೆಯಾಗಿ ಮಾರಿ ಆ ದುಡ್ಡಲ್ಲೇ ಬಾಡಿಗೆ ಕಟ್ತಾರೆ. ಲಕ್ಷಗಟ್ಟಲೆ ಮಾಡಿ ಸುರಿದ ವಾರ್ಸಿಟಿ ಹಳೇದಾದ ಮಾತ್ರಕ್ಕೆ ಅಪರೂಪ ಆಗಲ್ಲ. ಇನ್ನೊಂದು ಮಾತು, ಕೋ-ಆಪಿನ ಕಮ್ಮಿ ಬೆಲೆ ಸೈಕಲ್ ಇಲ್ಲದೋರಿಗೆ ಸಿಗಲಿ ಅಂತ ಇಟ್ಟಿದ್ದು. ಅಲ್ಲಿ ತಗೊಂಡು ಮಾರನೇ ದಿನ ಡಬಲ್ ರೇಟಿಗೆ ಹಾಕೋರನ್ನ ವಾಲಂಟಿಯರ್‌ಗಳು ಮರೆಯಲ್ಲ.

ಊರಿಗೆ ವಾಪಸ್ ಹೋಗುವಾಗ ತಗೊಂಡು ಹೋಗ್ಲಾ?

28 x 1½ ಚಕ್ರದ ಡಿಎಲ್-1 ಆದ್ರೆ ಊರಲ್ಲಿ ಟೈರ್ ಚಿಂತೆ ಇಲ್ಲ, ಆದ್ರೆ ಅಷ್ಟು ದೊಡ್ಡ ಸೈಕಲ್ ಪ್ಯಾಕ್ ಮಾಡಿ ಸಾಗಿಸೋ ಖರ್ಚಲ್ಲಿ ಅಲ್ಲೇ ಹೊಸದು ಬರುತ್ತೆ. 27 ಇಂಚಿನದಾದ್ರೆ ಅಲ್ಲಿ ಟೈರ್ ಹುಡುಕಿ ಸಾಕಾಗುತ್ತೆ. ಬ್ರೂಕ್ಸ್ ಸೀಟು, ಸ್ಟರ್ಮಿ ಹಬ್ಬಿನ ಚಕ್ರ ಅಷ್ಟನ್ನ ಬಿಚ್ಕೊಂಡು ಹೋಗಿ, ಉಳಿದ ಸೈಕಲ್ಲನ್ನ ಅದೇ ಕೋ-ಆಪಿಗೆ ಕೊಟ್ಟುಬಿಡಿ.

ಯಾವ ತಿಂಗಳಲ್ಲಿ ಹೋದ್ರೆ ಒಳ್ಳೇದು?

ಚಳಿ ಇರೋ ಊರಾದ್ರೆ ಜನವರಿ, ಫೆಬ್ರವರಿ. ಸ್ಟ್ಯಾಂಡ್ ಖಾಲಿ ಇರುತ್ತೆ, ವಾಲಂಟಿಯರ್‌ಗಳಿಗೆ ಮಾತಾಡೋಕೆ ಪುರುಸೊತ್ತು ಇರುತ್ತೆ, ಹಬ್ ಬಿಚ್ಚಿ ಟೇಬಲ್ ಮೇಲೆ ಹರಡಿಕೊಂಡು ಕೂತ್ರೂ ಯಾರೂ ಎಬ್ಬಿಸಲ್ಲ. ಯೂನಿವರ್ಸಿಟಿ ಇರೋ ಊರಲ್ಲಿ ಸ್ಟೂಡೆಂಟ್‌ಗಳು ಮೇ ತಿಂಗಳಲ್ಲಿ ಮನೆ ಖಾಲಿ ಮಾಡುವಾಗ ಸೈಕಲ್ಲುಗಳನ್ನ ಬಿಟ್ಟು ಹೋಗ್ತಾರೆ, ಜೂನಲ್ಲಿ ರಾಶಿ ದೊಡ್ಡದಿರುತ್ತೆ. ಆಗಸ್ಟಲ್ಲಿ ಹೊಸಬರು ಬಂದಿಳಿಯೋ ವಾರ ಮಾತ್ರ ಹೋಗಬೇಡಿ, ಬಾಗಿಲು ತೆಗೆಯೋಕೆ ಮುಂಚೆನೇ ಕ್ಯೂ ಇರುತ್ತೆ, ಬೆಳಿಗ್ಗೆ ಇದ್ದ ಜಪಾನ್ ಸೈಕಲ್ಲುಗಳೆಲ್ಲಾ ಮಧ್ಯಾಹ್ನಕ್ಕೆ ಖಾಲಿ.